ತುಕ್ಕು ಹಿಡಿದ ಬೋಲ್ಟು

ರಾಮನಗರವೆಂದರೆ ರೇಷ್ಮೆ, ಚನ್ನಪಟ್ಟಣವೆಂದರೆ ಬಣ್ಣದ ಬೊಂಬೆ, ಮಾಗಡಿಯೆಂದರೆ ಕೆಂಪೇಗೌಡರ ಕೋಟೆ, ಕನಕಪುರವೆಂದರೆ ಕಲ್ಲುಗಣಿ. ಈ ಊರುಗಳ ಹಿರಿಮೆಯನ್ನು ಹೇಳುವವರು ಬೋಲ್ಟನ್ನು ನೆನೆಯುವುದಿಲ್ಲ. ಆದರೆ ನೂಲು ಬಿಚ್ಚುವ ಯಂತ್ರವೂ ಬೊಂಬೆ ಕಡೆಯುವ ಲೇತೂ ನಿಂತಿರುವುದು ಬೋಲ್ಟುಗಳ ಬಿಗಿಯಿಂದಲೇ. ಬಿಗಿದದ್ದು ಬಿಚ್ಚದೆ ಹೋದಾಗ ಮಾತ್ರ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ.

ರೇಷ್ಮೆಗೂಡನ್ನು ಬೇಯಿಸಿ ನೂಲು ತೆಗೆಯುವೆಡೆಯಲ್ಲಿ ಬಿಸಿನೀರಿಗೂ ಆವಿಗೂ ಬಿಡುವಿಲ್ಲ. ತೇವವೂ ಗಾಳಿಯ ಆಮ್ಲಜನಕವೂ ಕೂಡಿ ಕಬ್ಬಿಣವನ್ನು ತುಕ್ಕಾಗಿಸುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ತಿರುಪಿನ ಸಂದಿನಲ್ಲಿ ಆ ಸ್ಥಳವೆಲ್ಲಿದೆ? ಹೀಗಾಗಿ ಬೋಲ್ಟು ಒಳಗೇ ಬಲಗುಂದುತ್ತದೆ. ನಟ್ಟಿನ ಹಿಡಿತವಾದರೋ ಬಲವಾಗುತ್ತದೆ.

ಯಂತ್ರ ಕೆಟ್ಟರೆ ರೀಲರನು ಬಹುದಿನ ಕಾಯುವಂತಿಲ್ಲ. ಮಾರುಕಟ್ಟೆಯಿಂದ ತಂದ ಹಸಿಗೂಡಿನೊಳಗಿನ ಜೀವ ಚಿಟ್ಟೆಯಾಗಿ ಹೊರಬಂದರೆ ಗೂಡಿನ ಎಳೆ ತುಂಡುತುಂಡಾಗುತ್ತದೆ. ಈ ಆತುರದಲ್ಲಿ ಸ್ಪ್ಯಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಬಲವಾಗಿ ಎಳೆಯುವುದುಂಟು. ಆಗ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಬುಡ ಒಳಗೇ ಉಳಿಯುತ್ತದೆ.

ಅನುಭವಿಯಾದ ಮೆಕ್ಯಾನಿಕ್ಕನ ರೀತಿಯೇ ಬೇರೆ. ಅವನು ಮೊದಲು ಸಂದಿಗೆ ತೆಳುವಾದ ಎಣ್ಣೆಯನ್ನು ಹನಿಸಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಬೇರೊಂದು ಕೆಲಸಕ್ಕೆ ತೊಡಗುತ್ತಾನೆ. ನೋಡುವವರಿಗೆ ಇದು ಉದಾಸೀನವೆಂದು ತೋರಬಹುದು. ಆದರೆ ಆ ಹೊತ್ತಿನಲ್ಲಿ ಎಣ್ಣೆ ದುಡಿಯುತ್ತಿರುತ್ತದೆ. ಅದಕ್ಕೂ ಜಗ್ಗದಿದ್ದರೆ ಎಣ್ಣೆಯನ್ನು ಒರೆಸಿ ನಟ್ಟನ್ನು ಕಾಯಿಸುತ್ತಾನೆ. ಕಾದ ನಟ್ಟು ಹಿಗ್ಗಿ ಹಿಡಿತ ಸಡಿಲುತ್ತದೆ.

ಮುರಿದ ಬುಡ ಹೊರಗೆ ಚಾಚಿದ್ದರೆ ಅದಕ್ಕೊಂದು ನಟ್ಟನ್ನು ಬೆಸೆದು ತಿರುಗಿಸಬಹುದು. ಒಳಗೇ ಹೂತಿದ್ದರೆ ಅದರ ನಟ್ಟನಡುವೆ ರಂಧ್ರ ಕೊರೆದು ಎಕ್ಸ್‌ಟ್ರಾಕ್ಟರನ್ನು ಇಳಿಸಬೇಕು. ಅದರ ಸುರುಳಿ ಎಡಕ್ಕೆ ಸುತ್ತಿದೆ. ಎಡಕ್ಕೆ ತಿರುಗಿಸಿದಷ್ಟೂ ಅದು ರಂಧ್ರವನ್ನು ಕಚ್ಚುತ್ತದೆ. ಬೋಲ್ಟು ಬಿಚ್ಚುವುದೂ ಎಡಕ್ಕೇ. ಆದರೆ ಅದು ಹದಗೊಳಿಸಿದ ಕಠಿಣ ಉಕ್ಕು. ಕಠಿಣವಾದದ್ದು ಬಾಗದೆ ಮುರಿಯುತ್ತದೆ. ಅದೂ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಮೊದಲ ತೊಡಕನ್ನು ಬಿಡಿಸಲು ಹೋದ ಉಪಕರಣವೇ ಎರಡನೆಯ ತೊಡಕಾಗುತ್ತದೆ.

ಆಗ ಯಂತ್ರದ ಆ ಭಾಗವನ್ನು ಬಿಚ್ಚಿಕೊಂಡು ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಕ್ಕೆ ಒಯ್ಯಬೇಕಾದೀತು. ವಿದ್ಯುತ್ ಕಿಡಿಗಳಿಂದ ಎಂತಹ ಕಠಿಣ ಲೋಹವನ್ನೂ ಕಣಕಣವಾಗಿ ಸವೆಸುವ ಯಂತ್ರಗಳು ಅಲ್ಲಿವೆ. ಈ ವಿಧಾನವನ್ನು 1943ರಲ್ಲಿ ರೂಪಿಸಿದವರು ಸೋವಿಯತ್ ದೇಶದ ಬೋರಿಸ್ ಮತ್ತು ನಟಾಲಿಯಾ ಲಜರೆಂಕೊ ದಂಪತಿಗಳು. ಕಿಡಿಯಿಂದ ವಿದ್ಯುತ್ ಸ್ವಿಚ್ಚುಗಳ ಲೋಹ ಸವೆಯುವುದನ್ನು ತಡೆಯಲು ಹೊರಟವರು ಅವರು. ತಡೆಯಲಾಗದೆ ಹೋದಾಗ ಆ ಸವೆತವನ್ನೇ ಉಪಕರಣವನ್ನಾಗಿ ಮಾಡಿಕೊಂಡರು. ಅಲ್ಲಿಗೆ ಹೋದರೆ ಕೆಲಸವೇನೋ ಆಗುತ್ತದೆ. ಆದರೆ ಒಂದು ಗಂಟೆ ಕಾದಿದ್ದರೆ ತೀರುತ್ತಿದ್ದ ಕೆಲಸಕ್ಕೆ ದಿನಗಳೇ ಬೇಕಾಗುತ್ತವೆ. ಅಷ್ಟು ದಿನವೂ ಯಂತ್ರ ನಿಲ್ಲುತ್ತದೆ. ದುಡಿಯುವವರ ಕೂಲಿಯೂ ನಿಲ್ಲುತ್ತದೆ.

ಹಳೆಯ ಬುಡ ಹೊರಬಂದ ಮೇಲೆ ಹೊಸ ಬೋಲ್ಟನ್ನು ಹಾಕುವಾಗ ಒಳ್ಳೆಯ ಮೆಕ್ಯಾನಿಕ್ಕನು ಅದರ ತಿರುಪಿಗೆ ಒಂದಿಷ್ಟು ಗ್ರೀಸನ್ನು ಸವರುತ್ತಾನೆ. ಅದಕ್ಕಾಗಿ ಅವನಿಗೆ ಯಾರೂ ಹೆಚ್ಚಿನ ಕೂಲಿಯನ್ನು ಕೊಡುವುದಿಲ್ಲ. ಮುಂದೆಂದೋ ಆ ಬೋಲ್ಟನ್ನು ಬಿಚ್ಚುವವನು ಯಾರೆಂದು ಅವನಿಗೆ ತಿಳಿಯದು. ಆದರೂ ಬಿಗಿಯುವ ಹೊತ್ತಿನಲ್ಲೇ ಅವನು ಆ ಅಪರಿಚಿತನನ್ನು ನೆನೆದಿರುತ್ತಾನೆ.