ಕಣ್ಣಿನ ಮಂಜೆಲ್ಲ ಪೊರೆಯಲ್ಲ

ಕಣ್ಣು ಮಂಜಾಗ್ತಿದೆ ಎಂದರೆ ನಮ್ಮ ಮೂಡಿಗೆರೆ, ಕಳಸದ ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ವಯಸ್ಸಾಯ್ತಲ್ಲ, ಪೊರೆ ಬಂದಿರ್ಬೇಕು. ಕಾಫಿ ಕುಯ್ಲು ಮುಗೀಲಿ, ಆಮೇಲೆ ತೋರಿಸಿದ್ರಾಯ್ತು." ಬಹುಪಾಲು ಸಲ ಅದು ಪೊರೆಯೇ ಆಗಿರುತ್ತದೆ, ತೆಗೆಸಿದರೆ ಸರಿಹೋಗುತ್ತದೆ. ಆದರೆ ಸೋದರಿಯರೇ, ಅಪರೂಪಕ್ಕೊಮ್ಮೆ ಆ ಮಂಜಿನ ಹಿಂದೆ ರಕ್ತದ ಕ್ಯಾನ್ಸರಿನ ಜಾತಿಯದೊಂದು ಕಾಯಿಲೆ ಅಡಗಿ ಕೂತಿರುತ್ತದೆ. ಕಣ್ಣಿಗೂ ರಕ್ತದ ಕ್ಯಾನ್ಸರಿಗೂ ಏನು ಸಂಬಂಧ ಅಂತೀರಾ? ನಮ್ಮ ದೊಡ್ಡಮ್ಮನಿಗೆ ಬರುವ ತನಕ ನಾನೂ ಹಾಗೇ ಕೇಳುತ್ತಿದ್ದೆ.

ದೊಡ್ಡಮ್ಮನಿಗೆ ಅರವತ್ತೆಂಟು ವರ್ಷ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. "ಕಣ್ಣ ಮುಂದೆ ನುಸಿ ಹಾರಿದ ಹಾಗೆ ಆಗುತ್ತೆ ಕಣೆ" ಅನ್ನುತ್ತಿದ್ದರು. ತೋರಿಸಿದಾಗ ಕಣ್ಣಿನೊಳಗೆ ಉರಿಯೂತ ಎಂದು ಸ್ಟೀರಾಯ್ಡ್ ಕೊಟ್ಟರು. ಹದಿನೈದು ದಿನದಲ್ಲಿ ಎಷ್ಟೋ ವಾಸಿ. ಔಷಧಿ ಇಳಿಸಿದರೆ ಮತ್ತೆ ಅದೇ ಮಂಜು, ಈ ಸಲ ಎರಡು ಕಣ್ಣಿಗೂ. ಹೀಗೇ ಎಂಟು ತಿಂಗಳು ಕಳೆಯಿತು. ಕೊನೆಗೆ ಬೆಂಗಳೂರಿನ ಕಣ್ಣಿನ ಡಾಕ್ಟರೊಬ್ಬರು, "ಇದು ಬರೀ ಉರಿಯೂತ ಅಲ್ಲದಿರಬಹುದು ಅಮ್ಮ, ಕಣ್ಣಿನೊಳಗಿನ ದ್ರವ ತೆಗೆದು ಪರೀಕ್ಷೆ ಮಾಡಬೇಕು" ಅಂದರು. ದೊಡ್ಡಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಇರೋ ಚೂರು ದೃಷ್ಟಿಗೂ ಸೂಜಿ ಚುಚ್ಚಿಸಿಕೊಳ್ಳೋದಾ? ಮೊಮ್ಮಗಳ ಮುಖ ಕಾಣುವಷ್ಟಾದರೂ ಇರಲಿ ಬಿಡು."

ಅವರನ್ನು ಒಪ್ಪಿಸಬೇಕಾದರೆ ಮೊದಲು ನನಗೆ ಅರ್ಥವಾಗಬೇಕಿತ್ತು. ಡಾಕ್ಟರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಕಣ್ಣುಗುಡ್ಡೆಯ ಒಳಗೆ ಎಳನೀರಿನ ತೆಳ್ಳನೆ ಗಂಜಿಯಂಥ ಒಂದು ಪಾರದರ್ಶಕ ದ್ರವ ತುಂಬಿರುತ್ತದೆ. ಎಲ್ಲ ಸೇರಿ ಸುಮಾರು 4 ಮಿಲಿಲೀಟರ್, ಒಂದು ಟೀ ಚಮಚಕ್ಕೂ ಕಡಿಮೆ. ಲಿಂಫೋಮ ಎಂಬುದು ಬಿಳಿ ರಕ್ತಕಣಗಳ ಕ್ಯಾನ್ಸರು. ಅದರಲ್ಲೊಂದು ಬಗೆ ಈ ದ್ರವದಲ್ಲೂ ಕಣ್ಣಿನ ಹಿಂಪರದೆಯಲ್ಲೂ ಬೀಡುಬಿಡುತ್ತದೆ. ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುತ್ತದೆ. ನೋಡಲು ಥೇಟ್ ಉರಿಯೂತದ ಹಾಗೇ ಇರುತ್ತದೆ. ಸ್ಟೀರಾಯ್ಡಿಗೆ ಒಂದಿಷ್ಟು ತಗ್ಗುವುದರಿಂದ ಎಲ್ಲರೂ ಮೋಸಹೋಗುತ್ತಾರೆ. ನಮ್ಮ ದೇಶದಲ್ಲಿ ಕಣ್ಣಿನ ಕ್ಷಯವೂ ಉಂಟಾದ್ದರಿಂದ ಗೊಂದಲ ಇನ್ನೂ ಹೆಚ್ಚು. ಆದರೆ ತಡಮಾಡುವ ಹಾಗಿಲ್ಲ, ಏಕೆಂದರೆ ಈ ಕಾಯಿಲೆ ಬಂದವರಲ್ಲಿ ಬಹಳ ಜನಕ್ಕೆ ಕೆಲವೇ ವರ್ಷಗಳಲ್ಲಿ ಮಿದುಳಿಗೂ ಹಬ್ಬುತ್ತದೆ.

ಹಿಂದೆ ಈ ದ್ರವವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕಣಗಳನ್ನು ಹುಡುಕುವುದೊಂದೇ ದಾರಿ. ಆದರೆ ಆ ಕಣಗಳು ಬಲು ನಾಜೂಕು. ಹೊರಗೆ ಬಂದೊಡನೆ ಒಡೆದು ಹಾಳಾಗುತ್ತವೆ, ಸ್ಟೀರಾಯ್ಡ್ ಹಾಕಿದ್ದರೆ ಇನ್ನೂ ಬೇಗ. ಹೀಗಾಗಿ ಕಾಯಿಲೆ ಇದ್ದರೂ "ಏನೂ ಸಿಗಲಿಲ್ಲ" ಎಂಬ ವರದಿ ಬರುವುದುಂಟು. ಈಗಿನ ಪರೀಕ್ಷೆ ಕಣವನ್ನಷ್ಟೇ ನೋಡುವುದಿಲ್ಲ, ಅದರ ಡಿ.ಎನ್.ಎ. ಗುರುತನ್ನೂ ಹುಡುಕುತ್ತದೆ. ಎಂ.ವೈ.ಡಿ. 88 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ಈ ಜಾತಿಯ ಲಿಂಫೋಮಗಳಲ್ಲಿ ಸಾಮಾನ್ಯ ಎಂದು 2011ರಲ್ಲಿ ಗೊತ್ತಾಯಿತು. ಕಣ್ಣಿನ ಲಿಂಫೋಮ ಇರುವ ಹತ್ತು ಜನರಲ್ಲಿ ಸುಮಾರು ಏಳೆಂಟು ಮಂದಿಗೆ ಈ ಬದಲಾವಣೆ ಕಾಣಿಸುತ್ತದೆ.

ಇಷ್ಟು ಚೂರು ದ್ರವದಲ್ಲಿ ಅದನ್ನು ಹೇಗೆ ಹುಡುಕುತ್ತಾರೆ? ಒಂದು ಚಮಚ ಹೆಪ್ಪು ಹಾಕಿದರೆ ಪಾತ್ರೆ ಹಾಲೆಲ್ಲ ಮೊಸರಾಗುವುದಿಲ್ಲವೇ? ಹಾಗೇ ಪಿ.ಸಿ.ಆರ್. ಎಂಬ ವಿಧಾನದಲ್ಲಿ ಡಿ.ಎನ್.ಎ.ಯ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡಿ ನೋಡುತ್ತಾರೆ. 1983ರಲ್ಲಿ ಇದನ್ನು ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ನಮ್ಮ ನೆರೆಯ ಚೆನ್ನೈನ ಶಂಕರ ನೇತ್ರಾಲಯದಲ್ಲಿ ಡಾ. ಎಚ್. ಎನ್. ಮಾಧವನ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಕಣ್ಣಿನ ಕ್ಷಯ ಪತ್ತೆಗೆ ಪಿ.ಸಿ.ಆರ್. ಬಳಸಿದ್ದರು. ಇದರ ಜೊತೆಗೆ ಅದೇ ದ್ರವದಲ್ಲಿ ಇಂಟರ್‌ಲ್ಯೂಕಿನ್ 10 ಮತ್ತು 6 ಎಂಬ ಎರಡು ವಸ್ತುಗಳನ್ನೂ ಅಳೆಯುತ್ತಾರೆ. ಹತ್ತು ಹೆಚ್ಚಿದ್ದರೆ ಲಿಂಫೋಮದ ಕಡೆ ಬೆರಳು, ಆರು ಹೆಚ್ಚಿದ್ದರೆ ಉರಿಯೂತದ ಕಡೆ.

ಕೆಲವೊಮ್ಮೆ ಕಣ್ಣಿನ ಮುಂಭಾಗದಿಂದ ಎರಡು ಹನಿ ನೀರು ತೆಗೆದರೂ ಸುಳಿವು ಸಿಗುತ್ತದೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸಿ ಮೊದಲು ಕಣ್ಣಲ್ಲೇ ಕಾಣಿಸಿಕೊಳ್ಳುವುದುಂಟು, ಅಲ್ಲಿಯೂ ಈ ಎರಡು ಹನಿ ಉಪಕಾರಕ್ಕೆ ಬರುತ್ತದೆ. ದೊಡ್ಡವರಿಗೆ ಹಿಂಭಾಗದಿಂದ ಸುಮಾರು ಒಂದು ಮಿಲಿಲೀಟರ್ ತೆಗೆಯಬೇಕಾದರೆ ಅದು ಆಪರೇಷನ್ನೇ. ರಕ್ತಸ್ರಾವ, ಹಿಂಪರದೆ ಕಳಚುವ ಅಪಾಯ ಸ್ವಲ್ಪ ಇದ್ದೇ ಇದೆ. ಇದನ್ನೂ ದೊಡ್ಡಮ್ಮನಿಗೆ ಮುಚ್ಚಿಡದೆ ಹೇಳಿದೆ. "ಮಾಡಿಸದೆ ಬಿಟ್ರೆ?" ಅಂದರು. "ಮಿದುಳಿಗೆ ಹೋಗಬಹುದು" ಅಂದೆ. ಅರ್ಧ ಗಂಟೆ ಅಂಗಳದಲ್ಲಿ ಮೆಣಸು ಹರವುತ್ತಾ ಕೂತರು. ಆಮೇಲೆ, "ಸರಿ, ಬಸ್ಸಿಗೆ ಸೀಟು ಹಿಡಿಸು" ಅಂದರು.

ಸೂಕ್ಷ್ಮದರ್ಶಕದ ವರದಿ ಅನುಮಾನವೆಂದೇ ಬಂತು. ಎಂ.ವೈ.ಡಿ. 88 ಬದಲಾವಣೆ ಮಾತ್ರ ಸ್ಪಷ್ಟವಾಗಿ ಸಿಕ್ಕಿತು. ಮಿದುಳಿನ ಎಂ.ಆರ್.ಐ.ಯಲ್ಲಿ ಆಗ ಏನೂ ಇರಲಿಲ್ಲ. ಕಣ್ಣಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಶುರುವಾಯಿತು, ರಕ್ತನಾಳದ ಮೂಲಕವೂ ಕೊಟ್ಟರು. ತಲೆಕೂದಲು ಉದುರಿತು, ಊಟ ಸೇರದೆ ಗಂಜಿಯಲ್ಲೇ ದಿನ ಕಳೆದರು. ಈಗ ದೊಡ್ಡಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಕಾಣುತ್ತಾರೆ. ಗುಣವಾಯಿತೆಂದು ಡಾಕ್ಟರು ಹೇಳಿಲ್ಲ, ತಪಾಸಣೆಗೆ ಹೋಗುತ್ತಲೇ ಇರಬೇಕು.

ನಿಮ್ಮ ಮನೆಯ ಹಿರಿಯರ ವಿಷಯದಲ್ಲಿ ಇಷ್ಟು ನೆನಪಿಡಿ. ಉರಿಯೂತವೆಂದ ಕಣ್ಣಿನ ತೊಂದರೆ ಸ್ಟೀರಾಯ್ಡಿಗೆ ತಗ್ಗಿ ಮತ್ತೆ ಮತ್ತೆ ಬಂದರೆ, "ದ್ರವ ಪರೀಕ್ಷೆ ಬೇಕಾ?" ಎಂದು ನೀವೇ ಕೇಳಿ. ಸ್ಟೀರಾಯ್ಡನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಪರೀಕ್ಷೆಗೆ ಮುಂಚೆ ನಿಲ್ಲಿಸಬೇಕೇ ಎಂಬುದನ್ನು ಡಾಕ್ಟರೇ ಹೇಳಬೇಕು. ಡಿ.ಎನ್.ಎ. ಬದಲಾವಣೆ ಸಿಗದಿದ್ದರೆ ಕಾಯಿಲೆ ಇಲ್ಲವೆಂದೂ ಅಲ್ಲ. ಈ ಪರೀಕ್ಷೆ ಎಲ್ಲ ಊರಲ್ಲೂ ಆಗುವುದಿಲ್ಲ, ಆದ್ದರಿಂದ ದ್ರವ ಎಲ್ಲಿಗೆ ಹೋಗುತ್ತದೆ, ವರದಿ ಯಾವಾಗ ಬರುತ್ತದೆ, ಖರ್ಚೆಷ್ಟು ಎಂದು ಮೊದಲೇ ವಿಚಾರಿಸಿ. ಕಣ್ಣಿನ ಡಾಕ್ಟರೂ ಕ್ಯಾನ್ಸರ್ ಡಾಕ್ಟರೂ ಇಬ್ಬರೂ ಸೇರಿ ನೋಡಬೇಕಾದ ಕಾಯಿಲೆಯಿದು. ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಜೋಡಿಸಿ ಇಟ್ಟುಕೊಳ್ಳಿ. ಕುಯ್ಲಿಗೆ ಆಳು ಸಿಗದಿದ್ದರೆ ನಾಲ್ಕು ದಿನ ತಡವಾದೀತು, ಕಣ್ಣು ತೋರಿಸುವುದನ್ನು ಮಾತ್ರ ಮುಂದೂಡಬೇಡಿ.