ರಜೆಯಲ್ಲಿ ಲೈಬ್ರರಿ

ಯೂನಿವರ್ಸಿಟಿ ಲೈಬ್ರರೀಲಿ ಕೂತಿದೀನಿ. ಬೇಸಿಗೆ ರಜೆ, ಕ್ಲಾಸಿಲ್ಲ. ಆದ್ರೂ ಫ್ಯಾನ್ ಕೆಳಗೆ ಒಂದು ಸೀಟೂ ಖಾಲಿ ಇಲ್ಲ. ಎಲ್ಲಾ ಕೆಎಎಸ್, ಪಿಡಿಒಗೆ ಓದೋರು. ಪುಸ್ತಕವೂ ಅವರದ್ದೇ, ನೀರಿನ ಬಾಟ್ಲಿಯೂ ಅವರದ್ದೇ. ಅತ್ತ ಕಪಾಟುಗಳ ಕಡೆ ನರಪಿಳ್ಳೆ ಇಲ್ಲ. ಸೆಮಿಸ್ಟರ್ ಪೂರ್ತಿ ಕೈಗೆ ಸಿಗದ ಪುಸ್ತಕಗಳೆಲ್ಲ ಈಗ ಅಲ್ಲೇ ಇವೆ. ಆದ್ರೆ ಪುಸ್ತಕ ಕೊಡೋ ಕೌಂಟರ್ ಮಧ್ಯಾಹ್ನಕ್ಕೇ ಬಂದ್! ಪುರುಸೊತ್ತಾಗಿ ಓದೋ ಕಾಲದಲ್ಲೇ ಟೈಮ್ ಕಡಿಮೆ ಮಾಡೋದು ಯಾವ ಲೆಕ್ಕ?

ಊರಿಗೆ ಹೋಗಿರೋ ಪಿಎಚ್‌.ಡಿ. ಮಿತ್ರರಿಗೆ ಪರವಾಗಿಲ್ಲ, ಶೋಧಗಂಗಾ ಜಾಲತಾಣದ ಪಿಎಚ್‌.ಡಿ. ಪ್ರಬಂಧಗಳನ್ನ ಮನೇಲೇ ಪುಕ್ಕಟೆ ಓದಬಹುದು. 2025ರ ಜನವರಿಯಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೇಲಿ ಸರ್ಕಾರಿ ವಿ.ವಿ.ಗಳಿಗೆ ಸುಮಾರು 13,000 ಜರ್ನಲ್‌ಗಳೂ ಸಿಗ್ತಿವೆ. ಕ್ಯಾಂಪಸ್ ಹೊರಗೂ ತೆರೆಯುತ್ತಾ ಅಂತ ಲೈಬ್ರರಿಯವರನ್ನ ಒಮ್ಮೆ ಕೇಳಿ.

ನಿಮ್ಮಲ್ಲಿ ರಜೇಲಿ ಲೈಬ್ರರಿ ಎಷ್ಟೊತ್ತಿನವರೆಗೆ ತೆಗೆದಿರುತ್ತೆ?