ಸ್ಟೇಜ್ ಹಿಂದಿನ ಕಥೆಗಳು – 4: ಶೂಗೆ ಹಚ್ಚಿದ ಬಣ್ಣ

ಹೋದ ವರ್ಷದ ಕಾಲೇಜ್ ಡೇ ಫೋಟೋ ಇದು. ಎರಡನೇ ಸಾಲಿನ ತುದೀಲಿ ಇರೋದು ನಾನೇ. ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. "ಲೈಟಿಗೆ ಬೆಳ್ಳಗೆ ಕಾಣ್ಬೇಕಮ್ಮ" ಅಂತ ಮೇಕಪ್‌ನವರು ಪ್ಯಾನ್‌ಕೇಕ್ ಬಳಿದಿದ್ರು. ನಾನು ಸುಮ್ಮನೆ ಕೂತಿದ್ದೆ. ಇಷ್ಟು ದಿನ ಈ ಫೋಟೋ ಹಾಕಿರಲಿಲ್ಲ. ಇವತ್ತು ಹಾಕೋ ಧೈರ್ಯ ಕೊಟ್ಟಿದ್ದು ಆರ್ಥರ್ ಮಿಚೆಲ್.

1934ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಕಪ್ಪು ಹುಡುಗ. ಚಿಕ್ಕ ವಯಸ್ಸಿಗೇ ಮನೆ ಜವಾಬ್ದಾರಿ ಹೆಗಲಿಗೆ. ಬ್ಯಾಲೆ ಅಂದ್ರೆ ಬಿಳಿಯರದ್ದು ಅಂತಿದ್ದ ಕಾಲದಲ್ಲಿ, 1955ರಲ್ಲಿ, ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದರು. 1957ರಲ್ಲಿ ಜಾರ್ಜ್ ಬ್ಯಾಲಂಚೀನ್ 'ಅಗಾನ್' ಬ್ಯಾಲೆಯಲ್ಲಿ ಅವರನ್ನ ಬಿಳಿಯ ನರ್ತಕಿ ಡಯಾನಾ ಆಡಮ್ಸ್‌ಗೆ ಜೋಡಿ ಮಾಡಿದರು. ಆಗಿನ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ.

1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ ಆಯ್ತು. ಆಗ ಮಿಚೆಲ್ ಬ್ರೆಜಿಲ್‌ನಲ್ಲಿ ಬ್ಯಾಲೆ ಕಂಪನಿ ಕಟ್ಟೋ ಕೆಲಸದಲ್ಲಿದ್ದರು. ಸುದ್ದಿ ಕೇಳಿದ ಮೇಲೆ ಒಂದೇ ಯೋಚನೆ: ನಾನು ಕಟ್ಟಬೇಕಾದದ್ದು ನನ್ನ ಕೇರೀಲಿ ಅಲ್ವಾ? 1969ರಲ್ಲಿ ಗುರು ಕಾರೆಲ್ ಶುಕ್ ಜೊತೆ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಶುರು ಮಾಡಿದರು. ಮೊದಲ ದಿನಗಳ ಕ್ಲಾಸ್ ಒಂದು ಗ್ಯಾರೇಜಿನಲ್ಲಿ. ಸೆಕೆ ಅಂತ ಬಾಗಿಲು ತೆರೆದಿಟ್ರೆ ಬೀದಿ ಮಕ್ಕಳು ಇಣುಕಿ ನೋಡಿ ಒಳಗೇ ಬಂದುಬಿಟ್ಟವು. ಟೈಟ್ಸ್‌ಗೆ ನಾಚುವ ಹುಡುಗರಿಗೆ ಚಡ್ಡೀಲೇ ಕುಣೀರಿ ಅಂದರು. ಅವರಿಗಾಗಿ 'ಹೋಲ್ಬರ್ಗ್ ಸೂಟ್'ನಂಥ ಬ್ಯಾಲೆಗಳನ್ನ ತಾವೇ ಸಂಯೋಜಿಸಿದರು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಶೂ ಕಥೆ. ಬ್ಯಾಲೆಯಲ್ಲಿ ಸೊಂಟದಿಂದ ಕಾಲ ತುದಿವರೆಗೆ ಒಂದೇ ಗೆರೆ ಕಾಣಬೇಕು. ಅದಕ್ಕೇ ಬಿಳಿ ಚರ್ಮಕ್ಕೆ ಹೊಂದೋ ಗುಲಾಬಿ ಟೈಟ್ಸ್, ಗುಲಾಬಿ ಶೂ. ಅದನ್ನೇ ಕಪ್ಪು ಮೈಗೆ ಹಾಕಿದ್ರೆ ಗೆರೆ ಸೊಂಟದಲ್ಲೇ ತುಂಡಾಗುತ್ತೆ. 1970ರ ದಶಕದಲ್ಲಿ ಈ ಕಂಪನಿಯವರು ಟೈಟ್ಸ್‌ಗೂ ಶೂಗೂ ತಮ್ಮ ತಮ್ಮ ಮೈಬಣ್ಣ ಹಚ್ಚಿಕೊಂಡರು. ಒಬ್ಬೊಬ್ಬರದು ಒಂದೊಂದು ಶೇಡ್. ಮೈಯನ್ನ ಬಟ್ಟೆಗೆ ಹೊಂದಿಸಲಿಲ್ಲ, ಬಟ್ಟೆಯನ್ನ ಮೈಗೆ ಹೊಂದಿಸಿದರು.

ದಾರಿ ಸಲೀಸೇನೂ ಆಗಿರಲಿಲ್ಲ. ಸಾಲ ಏರಿ 2004ರಲ್ಲಿ ಕಂಪನಿ ನಿಂತೇಹೋಯ್ತು. ಶಾಲೆ ಮಾತ್ರ ನಡೀತಿತ್ತು. 2012ರಲ್ಲಿ ಕಂಪನಿ ಮತ್ತೆ ಸ್ಟೇಜ್ ಹತ್ತಿತು. ಅದನ್ನ ನೋಡಿಯೇ 2018ರಲ್ಲಿ ಮಿಚೆಲ್ ತೀರಿಕೊಂಡರು.

ಈ ವರ್ಷ ಡಾನ್ಸಿಗೆ ಹೆಸರು ಕೊಡೋದೇ ಬೇಡ ಅಂದ್ಕೊಂಡಿದ್ದೆ. ನಿನ್ನೆ ಕೊಟ್ಟೆ. ನನ್ನ ಬಣ್ಣದ ಪ್ಯಾನ್‌ಕೇಕ್ ನಾನೇ ತರ್ತೀನಿ. ಜೂನಿಯರ್ಸ್, ಬ್ಯಾಗಲ್ಲಿ ಇನ್ನೆರಡು ಶೇಡ್ ಇರುತ್ತೆ. ಗ್ರೀನ್ ರೂಮಲ್ಲಿ ಕೇಳೋಕೆ ಸಂಕೋಚ ಬೇಡ.